ಪುಟ್ಟಿಯ ಜೊತೆ ಎಂಟು ತಿಂಗಳು

ಇಂಟರ್ನೆಟ್‌ಗೆ ಬೇರೊಂದು ಯಂತ್ರದ ಮೂಲಕ ಹೋಗಲು ಜನ ಪ್ರಾಕ್ಸಿ, ವಿಪಿಎನ್ ಹಾಕಿಕೊಳ್ಳುವುದು ಗುರುತು ಸಿಗದಿರಲಿ ಅಂತ. ನಾನು ಹಾಕಿಕೊಂಡದ್ದು ಗುರುತು ಸಿಗಲಿ ಅಂತ. ಪುಟ್ಟಿ ಅನ್ನುವ ಸಾಫ್ಟ್‌ವೇರ್ ಬಗೆಗಿನ ಈ ವಿಮರ್ಶೆ ಓದುವಾಗ ಇದೊಂದು ನೆನಪಿರಲಿ. ನನಗೆ ತುಂಬಾ ಹಿಡಿಸಿದ್ದು ನಿಮ್ಮ ಕೆಲಸಕ್ಕೆ ಬಾರದೆ ಇರಬಹುದು.

ನಾನು ಬೆಂಗಳೂರಿನ ತ್ಯಾಗರಾಜನಗರದ ಒಂದು ಎರಡನೇ ಮಹಡಿ ಮನೆಯಲ್ಲಿ ಕೂತು ಆಡಿಯೋ ಕೇಳಿ ಕನ್ನಡದಲ್ಲಿ ಟೈಪ್ ಮಾಡುವವಳು. ಸಮೀಕ್ಷೆಯವರು ಊರೂರು ತಿರುಗಿ ಜನರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಅದನ್ನು ನಾನು ಅಕ್ಷರಕ್ಕೆ ಇಳಿಸಬೇಕು. ನಿಮಿಷಕ್ಕೆ ಇಷ್ಟು ಅಂತ ದುಡ್ಡು. ಕಲಬುರಗಿ ಕಡೆಯ ಅಜ್ಜಿ ಹತ್ತು ನಿಮಿಷ ಮಾತಾಡಿದರೆ ನನಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಆದರೆ ಅದರಷ್ಟು ಖುಷಿ ಕೊಡುವ ಫೈಲೂ ಇಲ್ಲ.

ಮೊದಲೆಲ್ಲ ಫೈಲು ಮೇಲ್‌ನಲ್ಲಿ ಬರುತ್ತಿತ್ತು. ಕಳೆದ ವರ್ಷ ಕಂಪನಿಯವರು ಅದನ್ನು ನಿಲ್ಲಿಸಿದರು. ಜನರ ಮನೆ, ಕಾಯಿಲೆ, ಸಾಲದ ಮಾತೆಲ್ಲ ಅದರಲ್ಲಿ ಇರುತ್ತದಲ್ವಾ, ನಿಲ್ಲಿಸಿದ್ದು ಸರಿಯೇ. ಇನ್ನು ಮೇಲೆ ಅವರ ಸರ್ವರ್‌ಗೇ ಹೋಗಿ ಕೇಳಬೇಕು, ಅದೂ ಅವರು ಪಟ್ಟಿ ಮಾಡಿದ ವಿಳಾಸಗಳಿಂದ ಮಾತ್ರ. ‘ನಿಮ್ಮ ಸ್ಟ್ಯಾಟಿಕ್ ಐಪಿ ಕಳಿಸಿ’ ಅಂತ ಒಂದು ಸಾಲಿನ ಮೇಲ್ ಬಂತು. ಅಂದರೆ ಎಂದೂ ಬದಲಾಗದ ಇಂಟರ್ನೆಟ್ ವಿಳಾಸ.

ನಮ್ಮ ಮನೆಗೆ ಇಂಟರ್ನೆಟ್ ಕೊಡುವ ಹುಡುಗನಿಗೆ ಫೋನ್ ಮಾಡಿದೆ. "ಮೇಡಂ, ಅದೆಲ್ಲ ಆಫೀಸ್ ಪ್ಲಾನ್‌ಗೆ ಮಾತ್ರ" ಅಂದ. ಆ ಪ್ಲಾನ್‌ನ ಬೆಲೆ ಕೇಳಿ ಫೋನ್ ಇಟ್ಟೆ. ಆಮೇಲೆ ತಿಳಿಯಿತು, ನನಗೆ ಸ್ವಂತ ವಿಳಾಸವೇ ಇಲ್ಲ ಅಂತ. ಹಳೆಯ ಬಗೆಯ ಐಪಿ ವಿಳಾಸಗಳು ಇಡೀ ಲೋಕಕ್ಕೆ ಸೇರಿ ಸುಮಾರು 430 ಕೋಟಿ ಮಾತ್ರ. ಅದು ಸಾಲದ್ದಕ್ಕೆ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆಗಳನ್ನು ಒಟ್ಟಿಗೆ ಕೂರಿಸುತ್ತಾರೆ. ವಠಾರದ ಎಲ್ಲ ಮನೆಗೂ ಒಂದೇ ಬಾಗಿಲ ನಂಬರ್ ಇದ್ದ ಹಾಗೆ. ನಿಮ್ಮದೂ ಹಾಗೇನಾ ಅಂತ ನೋಡಬೇಕಾದರೆ ರೂಟರ್‌ನ ಪೇಜ್ ತೆರೆಯಿರಿ. ಅಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ವಠಾರದವರೇ. ಆ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೇ ಅಂತ ಮೀಸಲಿಟ್ಟಿದ್ದಾರೆ.

ಪುಟ್ಟಿಗೆ ಬರುವ ಮೊದಲು ಎರಡು ಕಡೆ ಎಡವಿದೆ.

ಮೊದಲನೆಯದು ಬ್ರೌಸರ್‌ಗೆ ಸೇರಿಸುವ ಒಂದು ಉಚಿತ ವಿಪಿಎನ್. ಹೆಸರು ಬೇಡ. ಒಂದು ಗುಂಡಿ ಒತ್ತಿದರೆ ನಾನು ನೆದರ್‌ಲೆಂಡ್ಸ್‌ನಲ್ಲಿ ಇದ್ದೆ! ಅದೇ ಹೊತ್ತಿಗೆ ಬ್ಯಾಂಕಿನ ಪೇಜ್ ತೆರೆದಿದ್ದೆ. ಅದು ತಕ್ಷಣ ನನ್ನನ್ನು ಹೊರಗೆ ಹಾಕಿತು. ಇನ್‌ಸ್ಟಾಲ್ ಮಾಡುವಾಗ ಏನು ಅನುಮತಿ ಕೊಟ್ಟಿದ್ದೆ ಅಂತ ಆಮೇಲೆ ಓದಿದೆ. ನಾನು ಹೋಗುವ ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದಬಹುದು, ಬದಲಿಸಲೂ ಬಹುದು ಅಂತ ಇತ್ತು. ಬೇರೆಯವರ ಮನೆ ಮಾತು ಟೈಪ್ ಮಾಡುವವಳು ಇಂಥದ್ದಕ್ಕೆ ಒಪ್ಪಿಕೊಂಡೆನಲ್ಲ ಅಂತ ನಾಚಿಕೆಯಾಯಿತು. ಅವತ್ತೇ ಕಿತ್ತು ಹಾಕಿದೆ.

ಎರಡನೆಯದು ಒಂದು ತಿಂಗಳಿಗೆ ದುಡ್ಡು ಕಟ್ಟಿದ ವಿಪಿಎನ್ ಆಪ್. ಆಪ್ ಚೆನ್ನಾಗಿತ್ತು, ನನ್ನ ಕೆಲಸಕ್ಕಲ್ಲ ಅಷ್ಟೇ. ಇಂಡಿಯಾ ಅಂತ ಆರಿಸಿದರೂ ಯಂತ್ರ ಇಲ್ಲಿಲ್ಲ, ಹೊರದೇಶದಲ್ಲಿ ಕೂತು ಇಲ್ಲಿಯ ವಿಳಾಸ ತೋರಿಸುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಅದಾದ ಮೇಲೆ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಒಬ್ಬರಾದ ಮೇಲೊಬ್ಬರು ಇಲ್ಲಿಂದ ಸರ್ವರ್ ತೆಗೆದರು. ನನಗೂ ಆ ಜಗಳಕ್ಕೂ ಸಂಬಂಧವಿಲ್ಲ. ನನ್ನ ತೊಂದರೆ ಬೇರೆ. ಪ್ರತಿ ಸಲ ಕನೆಕ್ಟ್ ಮಾಡಿದಾಗಲೂ ವಿಳಾಸ ಬದಲಾಗುತ್ತಿತ್ತು. ಬೆಳಗ್ಗೆ ಕಳಿಸಿದ ವಿಳಾಸ ಮಧ್ಯಾಹ್ನಕ್ಕೆ ಇಲ್ಲ. ಕಂಪನಿಯ ಹುಡುಗಿ ಮೂರನೇ ಸಲ "ಮೇಡಂ, ಒಂದೇ ಐಪಿ ಕೊಡಿ" ಅಂದಾಗ ಸೋತೆ.

ನಡುವೆ ಎಸ್‌ಪಿ ರೋಡ್‌ಗೂ ಹೋಗಿದ್ದೆ. ಈ ಡೆಸ್ಕ್‌ಟಾಪ್ ಜೋಡಿಸಿಕೊಂಡದ್ದು ಅಲ್ಲೇ. ಒಂದು ಅಂಗಡಿಯವನು 800 ರೂಪಾಯಿ ಕೊಡಿ, ಮೂರು ವರ್ಷದ ವಿಪಿಎನ್ ಹಾಕಿಕೊಡ್ತೀನಿ ಅಂದ. ಬಿಲ್ ಕೊಡ್ತೀಯಾ ಅಂದೆ. ನಕ್ಕ. ಒಂದು ಮೌಸ್ ತಗೊಂಡು ವಾಪಸ್ ಬಂದೆ.

ಕೊನೆಗೆ ದಾರಿ ತೋರಿಸಿದ್ದು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಅಕ್ಕನ ಮಗ. ಭಾನುವಾರ ಊಟಕ್ಕೆ ಬಂದಿದ್ದ. ಎಲ್ಲ ಕೇಳಿಸಿಕೊಂಡು, "ಚಿಕ್ಕಮ್ಮ, ನಿಮಗೆ ವಿಪಿಎನ್ ಯಾಕೆ? ಒಂದು ಪುಟಾಣಿ ಸರ್ವರ್ ಬಾಡಿಗೆಗೆ ತಗೊಳ್ಳಿ. ಆಮೇಲೆ ಪುಟ್ಟಿ ಹಾಕ್ಕೊಳ್ಳಿ, ಸಾಕು" ಅಂದ.

"ಯಾರ ಪುಟ್ಟಿನೋ?" ಅಂದೆ.

ಪುಟ್ಟಿ ಅನ್ನುವುದು ದೂರದ ಸರ್ವರ್‌ಗೆ ಗುಟ್ಟಾದ ಸಂಪರ್ಕ ಕಲ್ಪಿಸುವ ಒಂದು ಸಾಫ್ಟ್‌ವೇರ್. ಇಂಗ್ಲೆಂಡಿನ ಸೈಮನ್ ಟಾಥಮ್ ಅನ್ನುವವರು 1990ರ ದಶಕದ ಕೊನೆಯಲ್ಲಿ ಬರೆದದ್ದು. ಅವರೂ ಜೊತೆಯ ನಾಲ್ಕಾರು ಜನರೂ ಇವತ್ತಿಗೂ ನೋಡಿಕೊಳ್ಳುತ್ತಿದ್ದಾರೆ. ಪುಕ್ಕಟೆ. ಜಾಹೀರಾತಿಲ್ಲ, ಖಾತೆ ತೆರೆಯಿರಿ ಅನ್ನುವುದಿಲ್ಲ. ಕೆಲವೇ ಎಂಬಿ ಗಾತ್ರ. ಇಂಗ್ಲಿಷಿನವರು ಬೇರೆ ಥರ ಉಚ್ಚಾರ ಮಾಡುತ್ತಾರಂತೆ, ನಮ್ಮ ಮನೆಯಲ್ಲಿ ಅವಳು ಪುಟ್ಟಿಯೇ.

ಈಗ ಪ್ರಾಕ್ಸಿ ಅಂದರೇನು ಅಂತ ಹೇಳಬೇಕು. ಕಾಲೇಜಿನಲ್ಲಿ ಓದಿದವರಿಗೆ ಪಾಠ ಬೇಡ. ಹಾಜರಿ ಕರೆಯುವಾಗ ನಿಮ್ಮ ಬದಲು ಗೆಳತಿ "ಪ್ರೆಸೆಂಟ್ ಸರ್" ಅನ್ನುತ್ತಾಳಲ್ಲ, ಅದೇ. ಇಲ್ಲಿ ಆ ಗೆಳತಿ ನಾನು ಬಾಡಿಗೆಗೆ ತೆಗೆದುಕೊಂಡ ಸರ್ವರ್. ಕಂಪನಿಯ ಕಂಪ್ಯೂಟರ್‌ಗೆ ಕೇಳಿಸುವುದು ಅವಳ ದನಿ, ಕಾಣುವುದು ಅವಳ ವಿಳಾಸ. ಆ ವಿಳಾಸ ಬದಲಾಗುವುದಿಲ್ಲ. ಇದನ್ನೆಲ್ಲ ಕಂಪನಿಗೆ ಮೊದಲೇ ಬರೆದು ತಿಳಿಸಿದೆ, ಅವರು ಒಪ್ಪಿ ಪಟ್ಟಿಗೆ ಸೇರಿಸಿದರು. ಕಾಲೇಜಿನ ಪ್ರಾಕ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಅದೊಂದೇ, ಮೇಷ್ಟ್ರಿಗೆ ಗೊತ್ತು.

ದಾರಿಯಲ್ಲಿ ಬೇರೆಯವರು ಓದಲಾಗದ ಹಾಗೆ ಕಳಿಸುವ ಗೂಢಲಿಪಿಯ ಭಾಗಕ್ಕೆ ಮೆಟ್ರೋ ನೆನಪಿಸಿಕೊಳ್ಳಿ. ಎಸ್‌ಪಿ ರೋಡ್‌ಗೆ ನಾನು ಹಸಿರು ಮಾರ್ಗದಲ್ಲಿ ಹೋಗುತ್ತೇನೆ. ನ್ಯಾಷನಲ್ ಕಾಲೇಜ್ ಸ್ಟೇಷನ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್ ಎಲ್ಲ ಒಳಗೇ. ಚಿಕ್ಕಪೇಟೆಯ ರಸ್ತೆಯಲ್ಲಿ ನಿಂತವರಿಗೆ ಕೆಳಗೆ ಯಾರು ಹೋಗುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಸಂಪಿಗೆ ರಸ್ತೆಗೆ ಬರುವಷ್ಟರಲ್ಲಿ ರೈಲು ಮತ್ತೆ ಮೇಲೆ. ಪುಟ್ಟಿಯ ಸುರಂಗವೂ ಅಷ್ಟೇ. ನನ್ನ ಕಂಪ್ಯೂಟರ್‌ನಿಂದ ನನ್ನ ಸರ್ವರ್‌ವರೆಗೆ ಮಾತ್ರ. ಅಲ್ಲಿಂದ ಮುಂದೆ ಎಲ್ಲರ ಹಾಗೆ ಬಯಲಲ್ಲಿ ಹೋಗಬೇಕು, ಅಲ್ಲಿ ವೆಬ್‌ಸೈಟಿನ ಬೀಗದ ಗುರುತೇ ಕಾಪಾಡಬೇಕು. ಸುರಂಗದೊಳಗಿನ ಪದ್ಧತಿಯ ಹೆಸರು ಎಸ್‌ಎಸ್‌ಎಚ್. ಫಿನ್‌ಲೆಂಡಿನ ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳುತ್ತಿದ್ದದ್ದು ಬೆಳಕಿಗೆ ಬಂದ ಮೇಲೆ, 1995ರಲ್ಲಿ ತಾತು ಯ್ಲೋನೆನ್ ಬರೆದದ್ದು. ಮೂವತ್ತು ವರ್ಷದ ಹಳೆಯ ಉಪಾಯ, ರಿಪೇರಿ ಆಗುತ್ತಾ ಆಗುತ್ತಾ ಇನ್ನೂ ಓಡುತ್ತಿದೆ.

ಸರ್ವರ್ ವಿಷಯ ಬೇಗ ಮುಗಿಸುತ್ತೇನೆ. ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್ ಓಷನ್‌ಗೆ 2016ರಿಂದ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ಅಲ್ಲಿ ತಿಂಗಳಿಗೆ 6 ಡಾಲರ್‌ನ ಯಂತ್ರ ತೆಗೆದುಕೊಂಡೆ. ತೆರಿಗೆ ಸೇರಿ 600 ರೂಪಾಯಿ ಆಸುಪಾಸು. 1 ಜಿಬಿ ಮೆಮೊರಿ, ನನ್ನ ಕೆಲಸಕ್ಕೆ ಅದೇ ಜಾಸ್ತಿ. ಊರಲ್ಲೇ ಇರುವುದರಿಂದ ದಾರಿ ಹತ್ತಿರ, ಪೇಜು ತೆರೆಯುವುದು ತಡವಾಗುವುದಿಲ್ಲ. ಅಕ್ಕನ ಮಗ ಅದರಲ್ಲಿ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ, ನನ್ನ ಹೆಸರಲ್ಲಿ ಒಂದು ಸಾಮಾನ್ಯ ಖಾತೆ ತೆರೆದು, ಭದ್ರತೆಯ ಅಪ್‌ಡೇಟ್ ತಾನಾಗಿಯೇ ಆಗುವ ಹಾಗೆ ಮಾಡಿಟ್ಟ. ಅರ್ಧ ಗಂಟೆ ಹಿಡಿಯಿತು, ನಡುವೆ ಒಂದು ಪಾಯಸ.

ಆಮೇಲೆ ಅವನು ಸರ್ವರ್‌ನ ಲಾಗ್, ಅಂದರೆ ಬಂದುಹೋದವರ ದಾಖಲೆ, ತೆರೆದು ತೋರಿಸಿದ. ಯಂತ್ರ ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ. ಆಗಲೇ ಎಲ್ಲೆಲ್ಲಿಂದಲೋ ಬಂದು ಬಾಗಿಲು ತಟ್ಟಿದ ಸಾಲುಸಾಲು ಗುರುತು. ರೂಟ್ ಅಂತ, ಅಡ್ಮಿನ್ ಅಂತ, ಟೆಸ್ಟ್ ಅಂತ ಹೆಸರು ಹೇಳಿ ಪಾಸ್‌ವರ್ಡ್ ಊಹಿಸುತ್ತಿದ್ದವು. ಮನುಷ್ಯರಲ್ಲ, ಪ್ರೋಗ್ರಾಂಗಳು. ರಾತ್ರಿ ಬೀದಿಯಲ್ಲಿ ಒಂದೊಂದೇ ಗೇಟಿನ ಬೀಗ ಅಲ್ಲಾಡಿಸಿ ನೋಡುತ್ತಾ ಹೋಗುವವರ ಹಾಗೆ. ಅದಕ್ಕೇ ಪಾಸ್‌ವರ್ಡ್‌ನಿಂದ ಒಳಬರುವುದನ್ನೇ ಮುಚ್ಚಿಬಿಟ್ಟೆವು. ಕೀ ಇದ್ದವರಿಗೆ ಮಾತ್ರ ಪ್ರವೇಶ.

ಆ ಕೀ ಮಾಡಿಕೊಳ್ಳುವುದು ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಪುಟ್ಟಿಯ ಜೊತೆಗೇ ಪುಟ್ಟಿಜೆನ್ ಅಂತ ಇನ್ನೊಂದು ಪ್ರೋಗ್ರಾಂ ಬರುತ್ತದೆ. ಜೆನರೇಟ್ ಒತ್ತಿದರೆ, ಖಾಲಿ ಜಾಗದ ಮೇಲೆ ಮೌಸ್ ಆಡಿಸಿ ಅನ್ನುತ್ತದೆ. ನಮ್ಮ ಕೈಯ ಅಡ್ಡಾದಿಡ್ಡಿ ಓಟದಿಂದ ಯಾರೂ ಊಹಿಸಲಾಗದ ಸಂಖ್ಯೆ ಹುಟ್ಟಿಸುವುದಕ್ಕೆ. ಎಸ್‌ಪಿ ರೋಡಿನ ಹೊಸ ಮೌಸ್ ಹಿಡಿದು ನಾನು ಎಳೆ ರಂಗೋಲಿಯನ್ನೇ ಹಾಕಿದೆ. ಅಕ್ಕನ ಮಗ ನಗುತ್ತಿದ್ದ.

ಎರಡು ತುಂಡು ಬರುತ್ತದೆ. ಒಂದು ಬೀಗದ ಹಾಗೆ, ಯಾರಿಗೆ ಕೊಟ್ಟರೂ ತೊಂದರೆಯಿಲ್ಲ. ಅದು ಸರ್ವರ್‌ಗೆ ಹೋಗಬೇಕು. ಇನ್ನೊಂದು ಕೀ, ಅದು ನನ್ನ ಕಂಪ್ಯೂಟರ್ ಬಿಟ್ಟು ಅಲ್ಲಾಡಬಾರದು. ಮನೆಗೆ ಹೋದ ಮೇಲೆ ಅವನು "ಬೀಗದ್ದು ವಾಟ್ಸಾಪ್ ಮಾಡಿ ಚಿಕ್ಕಮ್ಮ" ಅಂದ. ನಾನು ಕಳಿಸಿದ್ದು ಕೀ! ಐದು ನಿಮಿಷಕ್ಕೆ ಫೋನ್ ಬಂತು. "ಅದನ್ನ ಡಿಲೀಟ್ ಮಾಡಿ, ಹೊಸದು ಮಾಡಿ." ಮತ್ತೊಮ್ಮೆ ರಂಗೋಲಿ.

ಕೀ ಬಗೆ ಆರಿಸುವಾಗ ಇಡಿ25519 ಅನ್ನುವುದನ್ನು ಆರಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2024ರ ಏಪ್ರಿಲ್‌ನಲ್ಲಿ ಪುಟ್ಟಿಯಲ್ಲಿ ಒಂದು ದೊಡ್ಡ ತಪ್ಪು ಹೊರಬಿತ್ತು. 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ ಪಿ-521 ಬಗೆಯ ಕೀ ಬಳಸಿದ್ದರೆ, ಅದು ಹಾಕಿದ 60ರಷ್ಟು ಡಿಜಿಟಲ್ ಸಹಿ ಸಿಕ್ಕವರು ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 0.81ರಲ್ಲಿ ಸರಿಪಡಿಸಿದರು. ಆದರೆ ಪುಟ್ಟಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಹಳೆಯ ಪುಟ್ಟಿ ನಿಮ್ಮ ಹತ್ತಿರ ಇದ್ದರೆ ಇವತ್ತೇ ಎಸೆಯಿರಿ. ಹೊಸದನ್ನು ಇಳಿಸಿಕೊಳ್ಳುವಾಗ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತನ್ನು ಮುಟ್ಟಬೇಡಿ. ನಕಲಿ ಪುಟ್ಟಿಗಳು ತುಂಬಾ ಇವೆ. ಅಸಲಿಯ ಮನೆ ಗ್ರೀನೆಂಡ್ ಅನ್ನುವ ಹೆಸರಿರುವ ಒಂದು ವಿಚಿತ್ರ ವಿಳಾಸದಲ್ಲಿದೆ. ನೋಡಿದರೆ ಅದೇ ನಕಲಿ ಅನ್ನಿಸುತ್ತದೆ, ಅಷ್ಟು ಸಾದಾ ಪೇಜು.

ಪುಟ್ಟಿ ತೆರೆದಾಗ ಬರುವ ಕಿಟಕಿಗೆ ನಾನು ಕೊಡುವ ಅಂಕ ಹತ್ತಕ್ಕೆ ನಾಲ್ಕು. ಬೂದು ಬಣ್ಣ, ಎಡಗಡೆ ಮರದ ಕೊಂಬೆಗಳ ಹಾಗೆ ಪಟ್ಟಿ, ಯಾವುದು ಎಲ್ಲಿದೆ ಅಂತ ಹುಡುಕಬೇಕು. ಇದು ಬಹಮನಿ ಸುಲ್ತಾನರ ಕಾಲದ್ದಿರಬೇಕು ಅಂದುಕೊಂಡೆ. ಸೆಷನ್ ಅನ್ನುವಲ್ಲಿ ಸರ್ವರ್‌ನ ವಿಳಾಸ, ಪೋರ್ಟ್ 22. ಕನೆಕ್ಷನ್‌ನ ಕೆಳಗೆ ಡೇಟಾ ಅನ್ನುವಲ್ಲಿ ಖಾತೆಯ ಹೆಸರು. ಎಸ್‌ಎಸ್‌ಎಚ್, ಆಥ್, ಕ್ರೆಡೆನ್ಷಿಯಲ್ಸ್ ಅಂತ ಮೂರು ಮೆಟ್ಟಿಲು ಇಳಿದರೆ ಕೀ ಫೈಲ್ ತೋರಿಸುವ ಜಾಗ. ಮುಖ್ಯವಾದದ್ದು ಟನೆಲ್ಸ್. ಅಲ್ಲಿ ಸೋರ್ಸ್ ಪೋರ್ಟ್ 1080 ಅಂತ ಬರೆದು, ಕೆಳಗೆ ಡೈನಾಮಿಕ್ ಆರಿಸಿ, ಆಡ್ ಒತ್ತಬೇಕು. ಆಡ್ ಒತ್ತಿದ ಮೇಲೆ ಮೇಲಿನ ಪೆಟ್ಟಿಗೆಯಲ್ಲಿ ಡಿ1080 ಅಂತ ಕಾಣಬೇಕು. ಕಾಣದಿದ್ದರೆ ಸುರಂಗ ಇಲ್ಲ.

ನಾನು ಆಡ್ ಒತ್ತಿರಲಿಲ್ಲ. ಎಲ್ಲ ಬರೆದು, ಓಪನ್ ಒತ್ತಿ, ಕಪ್ಪು ಕಿಟಕಿ ತೆರೆದು, ಒಳಗೆ ಲಾಗಿನ್ ಕೂಡ ಆಗಿ, ಬ್ರೌಸರ್ ಮಾತ್ರ ಮಾತಾಡಲಿಲ್ಲ. ಒಂದಿಡೀ ಸಂಜೆ ಹೋಯಿತು. ಮರುದಿನ ಆಡ್ ಒತ್ತಿದೆ, ಎಲ್ಲ ಸರಿಹೋಯಿತು. ಆದರೆ ಸೆಷನ್‌ಗೆ ವಾಪಸ್ ಹೋಗಿ ಸೇವ್ ಒತ್ತಲು ಮರೆತೆ. ಕಂಪ್ಯೂಟರ್ ಆರಿಸಿ ಹಚ್ಚಿದರೆ ಎಲ್ಲ ಖಾಲಿ. ಪುಟ್ಟಿ ಕೇಳುವುದೂ ಇಲ್ಲ, ಉಳಿಸಲಾ ಅಂತ. ಏನಾದರೂ ಬದಲಿಸಬೇಕಾದರೂ ಮೊದಲು ಹಳೆಯದನ್ನು ಲೋಡ್ ಮಾಡಿ, ಬದಲಿಸಿ, ಮತ್ತೆ ಸೇವ್ ಮಾಡಬೇಕು. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ. ಇನ್ನೂ ಇದೆ.

ಟನೆಲ್ಸ್ ಪೇಜಿನ ಮೇಲ್ಗಡೆ ಬೇರೆ ಕಂಪ್ಯೂಟರ್‌ಗಳಿಗೂ ಈ ಬಾಗಿಲು ತೆರೆಯಬೇಕಾ ಅಂತ ಕೇಳುವ ಒಂದು ಚೌಕ ಇದೆ. ಟಿಕ್ ಮಾಡಬೇಡಿ. ನಮ್ಮ ವೈಫೈ ಕೆಳಗಿನ ಮನೆಯವರೂ ಬಳಸುತ್ತಾರೆ. ಅದನ್ನು ತೆರೆದಿಟ್ಟರೆ ಅವರ ಮನೆ ಹುಡುಗರು ನನ್ನ ಹೆಸರಿನ ಸರ್ವರ್‌ನಿಂದ ಏನು ಬೇಕಾದರೂ ನೋಡಬಹುದು.

ಮೊದಲ ಸಲ ಕನೆಕ್ಟ್ ಮಾಡಿದಾಗ ಪುಟ್ಟಿ, ಈ ಸರ್ವರ್ ನನಗೆ ಗೊತ್ತಿಲ್ಲ, ಅದರ ಬೆರಳಚ್ಚು, ಅಂದರೆ ಗುರುತಿನ ಅಕ್ಷರಸಾಲು ಇದು, ನಂಬಲಾ ಅಂತ ಕೇಳುತ್ತದೆ. ಸುಮ್ನೆ ಆಕ್ಸೆಪ್ಟ್ ಒತ್ತುವವರೇ ಜಾಸ್ತಿ. ಅಕ್ಕನ ಮಗ ಸರ್ವರ್ ಕಡೆಯ ಬೆರಳಚ್ಚನ್ನು ಮೊದಲೇ ಕಳಿಸಿದ್ದ. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಟೈಪಿಂಗ್ ಮಾಡುವವಳಿಗೆ ಪ್ರೂಫ್ ನೋಡುವುದು ಕಷ್ಟವಾ? ಮೂರನೇ ತಿಂಗಳಲ್ಲಿ ಅವನು ಏನೋ ಸರಿಮಾಡಲು ಹೋಗಿ ಸರ್ವರ್‌ಅನ್ನು ಹೊಸದಾಗಿ ಕಟ್ಟಿದ, ನನಗೆ ಹೇಳಲಿಲ್ಲ. ಬೆಳಗ್ಗೆ ಪುಟ್ಟಿ ದೊಡ್ಡ ಅಕ್ಷರದಲ್ಲಿ ‘ವಾರ್ನಿಂಗ್, ಪೊಟೆನ್ಷಿಯಲ್ ಸೆಕ್ಯುರಿಟಿ ಬ್ರೀಚ್’ ಅಂತ ಕೂಗಿದಳು. ಬೆರಳಚ್ಚು ಬದಲಾಗಿತ್ತು. ಹೆದರಿ ಕೈ ತೆಗೆದೆ, ಅವನಿಗೆ ಫೋನ್ ಮಾಡಿದೆ, ಚೆನ್ನಾಗಿ ಬೈದೆ. ಪುಟ್ಟಿಗೆ ಮಾತ್ರ ಅವತ್ತು ಹತ್ತಕ್ಕೆ ಹತ್ತು.

ಇನ್ನು ಬ್ರೌಸರ್. ಕ್ರೋಮ್ ವಿಂಡೋಸ್‌ನ ಪ್ರಾಕ್ಸಿ ಸೆಟ್ಟಿಂಗನ್ನೇ ಬಳಸುತ್ತದೆ. ಅಲ್ಲಿ ಬದಲಿಸಿದರೆ ಬೇರೆ ಪ್ರೋಗ್ರಾಂಗಳೂ ಸುರಂಗಕ್ಕೆ ನುಗ್ಗುತ್ತವೆ. ಫೈರ್‌ಫಾಕ್ಸ್‌ಗೆ ತನ್ನದೇ ಸೆಟ್ಟಿಂಗ್ ಇದೆ. ಅದಕ್ಕೇ ಕೆಲಸಕ್ಕೆ ಫೈರ್‌ಫಾಕ್ಸ್, ಮಿಕ್ಕಿದ್ದಕ್ಕೆಲ್ಲ ಕ್ರೋಮ್ ಅಂತ ಮಾಡಿಕೊಂಡೆ. ಇಡೀ ವ್ಯವಸ್ಥೆಯಲ್ಲಿ ಜಾಣತನದ ಏರ್ಪಾಡು ಇದೇ. ಬ್ಯಾಂಕು, ವಿದ್ಯುತ್ ಬಿಲ್ಲು, ಮಗಳ ಜೊತೆ ವಿಡಿಯೋ ಕಾಲ್ ಎಲ್ಲ ಎಂದಿನ ದಾರಿಯಲ್ಲೇ ಹೋಗುತ್ತವೆ, ಯಾವುದಕ್ಕೂ ನೆದರ್‌ಲೆಂಡ್ಸ್ ತೋರಿಸುವುದಿಲ್ಲ.

ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಪೇಜಿನ ತೀರಾ ಕೆಳಗೆ ನೆಟ್‌ವರ್ಕ್ ಸೆಟ್ಟಿಂಗ್ಸ್ ಇದೆ. ಮ್ಯಾನುಯಲ್ ಆರಿಸಿ. ಎಚ್‌ಟಿಟಿಪಿ ಪ್ರಾಕ್ಸಿ ಅನ್ನುವ ಮೊದಲ ಪೆಟ್ಟಿಗೆ ನೋಡಿ ಕೈ ಅಲ್ಲಿಗೇ ಹೋಗುತ್ತದೆ. ಅದನ್ನು ಖಾಲಿ ಬಿಡಿ. ಕೆಳಗೆ ಸಾಕ್ಸ್ ಹೋಸ್ಟ್ ಅನ್ನುವಲ್ಲಿ 127.0.0.1, ಪೋರ್ಟ್ 1080, ಸಾಕ್ಸ್ ವಿ5. ಈ 127.0.0.1 ಅಂದರೆ ‘ಇದೇ ಕಂಪ್ಯೂಟರ್’ ಅಂತ. ಫೈರ್‌ಫಾಕ್ಸ್ ಪಕ್ಕದಲ್ಲೇ ಕೂತ ಪುಟ್ಟಿಗೆ ಚೀಟಿ ಕೊಡುತ್ತದೆ, ಪುಟ್ಟಿ ಸುರಂಗದಲ್ಲಿ ಕಳಿಸುತ್ತಾಳೆ.

ಕೊನೆಯಲ್ಲಿ, ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನೂ ಪ್ರಾಕ್ಸಿಯಲ್ಲೇ ಕಳಿಸಬೇಕಾ ಅನ್ನುವ ಟಿಕ್ ಇದೆ. ಅದು ಇರಲೇಬೇಕು. ಇಲ್ಲದಿದ್ದರೆ ನೀವು ಓದುವುದು ಸುರಂಗದಲ್ಲಿ ಹೋದರೂ, ಯಾವ ವೆಬ್‌ಸೈಟಿಗೆ ಹೋಗುತ್ತಿದ್ದೀರಿ ಅನ್ನುವ ಪ್ರಶ್ನೆ ಮಾತ್ರ ಎಂದಿನ ದಾರಿಯಲ್ಲೇ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಆಟೋ ಹತ್ತಿ, ವಿಳಾಸವನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಂತೆ.

ಎಂಟು ತಿಂಗಳಲ್ಲಿ ನನಗೆ ಅತಿ ನೆಮ್ಮದಿ ಕೊಟ್ಟ ಗುಣ ಯಾವುದು ಗೊತ್ತಾ? ಕೆಟ್ಟಾಗ ಪೂರ್ತಿ ಕೆಡುತ್ತದೆ. ಸುರಂಗ ಮುಚ್ಚಿದರೆ ಫೈರ್‌ಫಾಕ್ಸ್ ‘ಪ್ರಾಕ್ಸಿ ಸರ್ವರ್ ಒಪ್ಪುತ್ತಿಲ್ಲ’ ಅಂತ ಕೈ ಎತ್ತಿಬಿಡುತ್ತದೆ, ಪೇಜನ್ನು ಬೇರೆ ದಾರಿಯಲ್ಲಿ ತೆರೆಯುವುದಿಲ್ಲ. ನಾನು ದುಡ್ಡು ಕೊಟ್ಟ ಆಪ್ ಒಮ್ಮೆ ಕಡಿದು ಹೋದಾಗ ಏನೂ ಹೇಳದೆ ಹಳೆಯ ದಾರಿಗೆ ಹೊರಳಿತ್ತು. ಅದನ್ನು ತಡೆಯುವ ಗುಂಡಿ ಒಳಗೆಲ್ಲೋ ಇತ್ತಂತೆ.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮ ಬೀದಿಗೆ ಹೊಸದಲ್ಲ. ಯುಪಿಎಸ್ ಕಂಪ್ಯೂಟರ್ ಹಿಡಿದುಕೊಳ್ಳುತ್ತದೆ, ರೂಟರ್ ಆರುತ್ತದೆ. ಆಗ ಪುಟ್ಟಿ ‘ಸಾಫ್ಟ್‌ವೇರ್ ಕಾಸ್ಡ್ ಕನೆಕ್ಷನ್ ಅಬಾರ್ಟ್’ ಅಂತ ಒಂದು ಡಬ್ಬ ತೋರಿಸಿ ಸುಮ್ಮನಾಗುತ್ತಾಳೆ. ತಾನಾಗಿ ಮತ್ತೆ ಕನೆಕ್ಟ್ ಆಗುವುದಿಲ್ಲ. ಕಿಟಕಿಯ ತಲೆಯ ಮೇಲೆ ಬಲಕ್ಲಿಕ್ ಮಾಡಿ ರೀಸ್ಟಾರ್ಟ್ ಸೆಷನ್ ಅನ್ನಬೇಕು, ಕೀಗೆ ಹಾಕಿದ ಗುಟ್ಟಿನ ಸಾಲು (ಪಾಸ್‌ಫ್ರೇಸ್) ಮತ್ತೆ ಟೈಪ್ ಮಾಡಬೇಕು. ಜೂನ್ ತಿಂಗಳಲ್ಲಿ ಒಂದೇ ಸಂಜೆ ನಾಲ್ಕು ಸಲ ಮಾಡಿದ್ದೇನೆ. ಕೆಲಸ ಮಾಡದೆ ಸುಮ್ಮನಿದ್ದಾಗಲೂ ಕಡಿದು ಹೋಗುತ್ತಿತ್ತು. ಅದಕ್ಕೆ ಕನೆಕ್ಷನ್ ಪೇಜಿನಲ್ಲಿ ಕೀಪ್‌ಅಲೈವ್ ಅನ್ನುವಲ್ಲಿ ಸೊನ್ನೆ ಇದ್ದದ್ದನ್ನು 60 ಮಾಡಿದೆ. ನಿಮಿಷಕ್ಕೊಂದು ಸಲ ‘ಇದ್ದೀಯಾ?’ ಅಂತ ಕೇಳುತ್ತಿರುತ್ತದೆ. ಆಮೇಲೆ ಆ ಕಾಟ ನಿಂತಿತು.

ವೇಗ? 80 ಎಂಬಿ ಆಡಿಯೋ ಇಳಿಯುವುದರಲ್ಲಿ ಸುರಂಗ ಇದ್ದಾಗ, ಇಲ್ಲದಾಗ ಅಂತ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ವಿಡಿಯೋ ಕಾಲ್ ಮಾತ್ರ ಇದರಲ್ಲಿ ಪ್ರಯತ್ನಿಸಬೇಡಿ. ಅದು ಸಾಮಾನ್ಯವಾಗಿ ಯುಡಿಪಿ ಅನ್ನುವ ಬೇರೆ ಬಗೆಯಲ್ಲಿ ಹೋಗುತ್ತದೆ, ಎಸ್‌ಎಸ್‌ಎಚ್ ಸುರಂಗ ಅದನ್ನು ಒಯ್ಯುವುದಿಲ್ಲ.

ಇಡೀ ಕಂಪ್ಯೂಟರನ್ನೇ ಸುರಂಗಕ್ಕೆ ಹಾಕಬೇಕು ಅನ್ನುವವರಿಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಒಳ್ಳೆಯದು. 2020ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಳಗೇ ಸೇರಿತು, ಕಡಿದರೂ ತಾನಾಗಿ ಕೂಡಿಕೊಳ್ಳುತ್ತದೆ. ಅಕ್ಕನ ಮಗ ಮನೆಯಲ್ಲಿ ಅದನ್ನೇ ಬಳಸುತ್ತಾನೆ. ಶ್ಯಾಡೋಸಾಕ್ಸ್ ಅಂತ ಇನ್ನೊಂದಿದೆ, 2012ರಲ್ಲಿ ಚೀನಾದ ಇಂಟರ್ನೆಟ್ ಗೋಡೆ ದಾಟಲು ಹುಟ್ಟಿದ್ದು. ನನಗೆ ದಾಟುವ ಗೋಡೆ ಇಲ್ಲ. ವಿಂಡೋಸ್ 10ರಲ್ಲಿ 2018ರಿಂದ ಎಸ್‌ಎಸ್‌ಎಚ್ ತಾನೇ ಇದೆ, ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಪುಟ್ಟಿಯೇ ಬೇಡ. ಗೊತ್ತು. ಆದರೂ ಆ ಬೂದು ಕಿಟಕಿಗೆ ಒಗ್ಗಿಹೋಗಿದ್ದೇನೆ.

ಹೆಸರು ಮುಚ್ಚಿಡಬೇಕು ಅನ್ನುವವರು ಈ ದಾರಿಗೆ ಬರಲೇಬೇಡಿ. ಸರ್ವರ್ ನನ್ನ ಕಾರ್ಡಿನಲ್ಲಿ, ನನ್ನ ಹೆಸರಿನಲ್ಲಿದೆ. ಆ ಸರ್ಟ್-ಇನ್ ಆದೇಶ ವಿಪಿಎನ್‌ಗೆ ಮಾತ್ರ ಅಲ್ಲ, ಸರ್ವರ್ ಬಾಡಿಗೆಗೆ ಕೊಡುವವರಿಗೂ ಅನ್ವಯಿಸುತ್ತದೆ. ಆ ವಿಳಾಸವನ್ನು ಬಳಸುವುದು ನಾನೊಬ್ಬಳೇ. ಸಾವಿರ ಜನರ ಗುಂಪಿನಲ್ಲಿ ಮುಖ ಮರೆಸುವುದಕ್ಕಿಂತ ಇದು ಪೂರ್ತಿ ಉಲ್ಟಾ, ಮನೆ ಮುಂದೆ ಬೋರ್ಡ್ ಹಾಕಿಕೊಂಡ ಹಾಗೆ. ನನಗೆ ಬೇಕಾದದ್ದು ಆ ಬೋರ್ಡೇ. ಐದನೇ ತಿಂಗಳಲ್ಲಿ ಕಾರ್ಡಿನಿಂದ ಹಣ ತಾನಾಗಿ ಕಡಿತವಾಗದೆ ಒಂದು ನೋಟಿಸ್ ಬಂತು. ಅಂದಿನಿಂದ ಕ್ಯಾಲೆಂಡರ್‌ನಲ್ಲಿ 1ನೇ ತಾರೀಖಿಗೆ ಸುತ್ತು ಹಾಕಿ ಕೈಯಾರೆ ಕಟ್ಟುತ್ತೇನೆ. ಆ ಯಂತ್ರ ಹೋದರೆ ವಿಳಾಸವೂ ಹೋಗುತ್ತದೆ, ಮತ್ತೆ ಕಂಪನಿಯ ಹುಡುಗಿಗೆ ಮುಖ ತೋರಿಸಬೇಕು.

ಮೊನ್ನೆ ಕೆಳಗಿನ ಮನೆಯವರು ಬಂದು, "ನಮಗೂ ಅದನ್ನ ಹಾಕಿಕೊಡಿ ಅಮ್ಮ, ಬ್ಯಾಂಕ್ ಕೆಲಸ ಸೇಫ್ ಆಗತ್ತಂತೆ" ಅಂದರು. ಬ್ಯಾಂಕಿನ ಪೇಜು ಆಗಲೇ ಬೀಗ ಹಾಕಿಕೊಂಡೇ ಓಡಾಡುತ್ತದೆ, ಅದಕ್ಕೆ ತಿಂಗಳಿಗೆ 600 ಯಾಕೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹಾಗಾದರೆ ವೈಫೈ ಪೆಟ್ಟಿಗೆ ತೋರಿಸಿ ಅಂತ ಕೆಳಗೆ ಹೋದೆ. ಅವರದೇ ಇನ್ನೊಂದು ಹಳೆಯ ರೂಟರ್ ಇತ್ತು, ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಂತಲೇ ಇತ್ತು. ಬದಲಿಸಿ, ಹೊಸದನ್ನು ಅವರ ಡೈರಿಯಲ್ಲಿ ಬರೆಸಿ, ಕಾಫಿ ಕುಡಿದು ಮೇಲೆ ಬಂದೆ. ಪುಟ್ಟಿಯ ಕಪ್ಪು ಕಿಟಕಿ ತೆರೆದೇ ಇತ್ತು. ಕುಂದಾಪುರದ 42 ನಿಮಿಷದ ಫೈಲ್ ಕಾಯುತ್ತಿತ್ತು.